ಚೆಕ್ಕುಬಂದಿಯೊಳಗಿನ ಕೆಪಾಸಿಟರ್

ವಿದ್ಯುತ್ತಿನ ವೋಲ್ಟೇಜನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸುವ ಅಥವಾ ಇಳಿಸುವ ಸಾಧನಗಳಿಗೆ ವಿದ್ಯುತ್ ಪರಿವರ್ತಕಗಳೆಂದು, ರೂಢಿಯಲ್ಲಿ ಕನ್ವರ್ಟರುಗಳೆಂದು ಹೆಸರು. ಬೀದಿ ಕಂಬದ ಟ್ರಾನ್ಸ್‌ಫಾರ್ಮರಿನಿಂದ ಹಿಡಿದು ಲ್ಯಾಪ್‌ಟಾಪಿನ ಅಡಾಪ್ಟರಿನವರೆಗೆ ಇವುಗಳಲ್ಲಿ ಬಹುಪಾಲು ಸಾಧನಗಳು ತಾಮ್ರದ ಸುರುಳಿಯನ್ನೂ ಅದರ ಸುತ್ತ ಹುಟ್ಟುವ ಕಾಂತಕ್ಷೇತ್ರವನ್ನೂ ನೆಚ್ಚಿಕೊಂಡಿರುತ್ತವೆ. ಸುರುಳಿಯ ಹಂಗಿಲ್ಲದೆ ಕೆಪಾಸಿಟರುಗಳಿಂದಲೂ ಸ್ವಿಚ್ಚುಗಳಿಂದಲೂ ಇದೇ ಕೆಲಸವನ್ನು ನಡೆಸುವ ಇನ್ನೊಂದು ವರ್ಗವಿದ್ದು, ಅದನ್ನು ಸ್ವಿಚ್ಡ್ ಕೆಪಾಸಿಟರ್ ಪರಿವರ್ತಕ ಎನ್ನುತ್ತಾರೆ. ಬೇಗನೆ ಚಾರ್ಜ್ ಆಗುವ ಇಂದಿನ ಹಲವು ಮೊಬೈಲ್ ಫೋನುಗಳ ಒಳಗೆ, ಚಾರ್ಜರಿನಿಂದ ಬಂದ ವೋಲ್ಟೇಜನ್ನು ಅರ್ಧಕ್ಕಿಳಿಸಿ ಕರೆಂಟನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿ ಬ್ಯಾಟರಿಗೆ ಊಡುವುದು ಇಂಥದೇ ಒಂದು ಸರ್ಕ್ಯೂಟ್. ಇಂಥ ವಿನ್ಯಾಸವೊಂದಕ್ಕೆ ಪೇಟೆಂಟ್ ಕೇಳಿ ಅರ್ಜಿ ಬಂದಾಗ ಪೇಟೆಂಟ್ ಕಚೇರಿಯ ಪರೀಕ್ಷಕರು ಅದನ್ನು ಹೇಗೆ ಅಳೆಯುತ್ತಾರೆ ಎಂಬುದು ಮೇಲ್ನೋಟಕ್ಕೆ ಎಂಜಿನಿಯರಿಂಗಿನ ಪ್ರಶ್ನೆಯಂತೆ ಕಾಣುತ್ತದೆ. ಒಳಹೊಕ್ಕು ನೋಡಿದವರಿಗೆ ಅದು ಬಹುಮಟ್ಟಿಗೆ ಭಾಷೆಯ ಪ್ರಶ್ನೆಯೆಂದು ತಿಳಿಯುತ್ತದೆ, ಏಕೆಂದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ಸರ್ಕ್ಯೂಟನ್ನು ಕುರಿತು ಬರೆದ ಒಂದು ವಾಕ್ಯ.

ಕೆಪಾಸಿಟರನ್ನು ವಿದ್ಯುದಂಶ ತುಂಬಿಟ್ಟುಕೊಳ್ಳುವ ಬಿಂದಿಗೆಯೆಂದು ಭಾವಿಸಿಕೊಂಡರೆ ಇದರ ಕಾರ್ಯವಿಧಾನ ಕಣ್ಣಿಗೆ ಕಟ್ಟುತ್ತದೆ. ವೋಲ್ಟೇಜನ್ನು ಅರ್ಧಕ್ಕಿಳಿಸುವ ಅತಿ ಸರಳ ಸರ್ಕ್ಯೂಟಿನಲ್ಲಿ ನಾಲ್ಕು ಸ್ವಿಚ್ಚುಗಳೂ ಅವುಗಳ ನಡುವೆ ಅತ್ತಿಂದಿತ್ತ ಸ್ಥಾನ ಬದಲಿಸುವ ಒಂದು ಕೆಪಾಸಿಟರೂ ಇರುತ್ತವೆ. ಇಲ್ಲಿ ಸ್ವಿಚ್ಚೆಂದರೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ತೆರೆದು ಮುಚ್ಚಬಲ್ಲ ಟ್ರಾನ್ಸಿಸ್ಟರು, ಮತ್ತು ಅಲೆದಾಡುವ ಆ ಕೆಪಾಸಿಟರಿಗೆ ಎಂಜಿನಿಯರುಗಳು ಇಟ್ಟಿರುವ ಹೆಸರು ಫ್ಲೈಯಿಂಗ್ ಕೆಪಾಸಿಟರ್. ಮೊದಲ ಅರ್ಧಾವಧಿಯಲ್ಲಿ ಅದು ಮೂಲಕ್ಕೂ ಹೊರಮುಖಕ್ಕೂ ನಡುವೆ ಸರಣಿಯಲ್ಲಿ ನಿಂತು ಮೂಲದ 10 ವೋಲ್ಟನ್ನು ಹೊರಮುಖದೊಡನೆ ಐದೈದರಂತೆ ಹಂಚಿಕೊಳ್ಳುತ್ತದೆ. ಎರಡನೆಯ ಅರ್ಧಾವಧಿಯಲ್ಲಿ ಮೂಲದಿಂದ ಕಳಚಿಕೊಂಡು ಹೊರಮುಖಕ್ಕೆ ಸಮಾಂತರವಾಗಿ ಕೂತು, ಆಗತಾನೆ ತುಂಬಿಕೊಂಡದ್ದನ್ನು ಅಲ್ಲಿಗೆ ಸುರಿಯುತ್ತದೆ. ಹೀಗೆ ಮೂಲದಿಂದ ಒಂದು ಬಿಂದಿಗೆ ಹೊರಟರೆ ಹೊರಮುಖಕ್ಕೆ ಎರಡು ಬಿಂದಿಗೆ ಸಿಗುತ್ತದೆ: ಒಮ್ಮೆ ಕೆಪಾಸಿಟರನ್ನು ಹಾಯ್ದು ಬಂದದ್ದು, ಇನ್ನೊಮ್ಮೆ ಕೆಪಾಸಿಟರೇ ಸುರಿದದ್ದು. ಪುಕ್ಕಟೆ ಲಾಭವೇನೂ ಇದರಲ್ಲಿಲ್ಲ. ಕರೆಂಟು ಇಮ್ಮಡಿಯಾದದ್ದಕ್ಕೆ ವೋಲ್ಟೇಜು ಅರ್ಧವಾಗಿ ಲೆಕ್ಕ ಚುಕ್ತಾ ಆಗಿರುತ್ತದೆ.

ಆದರೆ ಈ ಸುರಿಯುವ ಕೆಲಸದಲ್ಲೇ ಸೋರಿಕೆಯೂ ಇದೆ, ಮತ್ತು ಈ ಕ್ಷೇತ್ರದ ಆವಿಷ್ಕಾರಗಳಲ್ಲಿ ದೊಡ್ಡ ಪಾಲು ಆ ಸೋರಿಕೆಯನ್ನು ತಡೆಯಲು ಹೊರಟವೇ ಆದ್ದರಿಂದ ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬರಿದಾದ 1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಒಂದು ಸ್ವಿಚ್ಚಿನ ಮೂಲಕ 10 ವೋಲ್ಟಿನ ಮೂಲಕ್ಕೆ ಜೋಡಿಸಿದರೆ, ಅದು ತುಂಬುವಷ್ಟರಲ್ಲಿ ಮೂಲ 100 ಮೈಕ್ರೋಜೂಲ್ ಶಕ್ತಿಯನ್ನು ಕೊಟ್ಟಿರುತ್ತದೆ. ಕೆಪಾಸಿಟರಿನಲ್ಲಿ ಉಳಿಯುವುದು 50 ಮಾತ್ರ, ಉಳಿದ 50 ಸ್ವಿಚ್ಚಿನಲ್ಲೂ ತಂತಿಯಲ್ಲೂ ಶಾಖವಾಗಿ ಹೋಗುತ್ತದೆ. ತಂತಿಯನ್ನು ದಪ್ಪ ಮಾಡಿ ರೋಧವನ್ನು ತಗ್ಗಿಸಿದರೆ ಈ ನಷ್ಟ ಕಡಿಮೆಯಾದೀತೆಂದು ತೋರುವುದು ಸಹಜವಾದರೂ, ಹಾಗಾಗುವುದಿಲ್ಲ. ರೋಧ ಕಡಿಮೆಯಾದಷ್ಟೂ ಕರೆಂಟು ಹೆಚ್ಚು ರಭಸದಿಂದ ನುಗ್ಗಿ ಅಷ್ಟೇ ಶಾಖವನ್ನು ಇನ್ನೂ ಬೇಗ ಹುಟ್ಟಿಸುತ್ತದೆ. ಅದೇ ಕೆಪಾಸಿಟರು ಮೊದಲೇ 9 ವೋಲ್ಟಿನವರೆಗೆ ತುಂಬಿದ್ದು ಕೊನೆಯ ಒಂದು ವೋಲ್ಟಷ್ಟೇ ಬಾಕಿಯಿದ್ದರೆ, ಮೂಲ ಕೊಡುವ 10 ಮೈಕ್ರೋಜೂಲಿನಲ್ಲಿ ವ್ಯರ್ಥವಾಗುವುದು ಅರ್ಧ ಮೈಕ್ರೋಜೂಲ್ ಮಾತ್ರ. ಎಂದರೆ ನಷ್ಟವನ್ನು ನಿರ್ಧರಿಸುವುದು ಎರಡು ಮಟ್ಟಗಳ ನಡುವಿನ ಅಂತರ. ನೀರು ಎಷ್ಟು ಎತ್ತರದಿಂದ ಬೀಳುತ್ತದೆಯೋ ಅಷ್ಟು ಸಿಡಿದಂತೆ. ಈ ಅಂತರವನ್ನು ಕಿರಿದಾಗಿಡಲು ದೊಡ್ಡ ಕೆಪಾಸಿಟರುಗಳನ್ನು ಹಾಕಬೇಕು, ಇಲ್ಲವೇ ಇನ್ನೂ ಬೇಗ ಬೇಗ ಸ್ವಿಚ್ಚು ಮಾಡಬೇಕು. ಮೊದಲನೆಯದಕ್ಕೆ ಜಾಗ ಸಾಲದು, ಎರಡನೆಯದರಲ್ಲಿ ಸ್ವಿಚ್ಚುಗಳನ್ನು ನಡೆಸುವುದಕ್ಕೇ ಶಕ್ತಿ ಖರ್ಚಾಗುತ್ತದೆ. ಇದಲ್ಲದೆ ಈ ಸರ್ಕ್ಯೂಟುಗಳಿಗೆ ಹುಟ್ಟಿನಿಂದ ಬಂದ ಒಂದು ಹಟವೂ ಇದೆ: ಅರ್ಧ, ಮೂರನೆಯ ಒಂದು ಎಂಬಂಥ ನಿಗದಿತ ಅನುಪಾತಗಳಲ್ಲಿ ಮಾತ್ರ ಅವು ಚೆನ್ನಾಗಿ ದುಡಿಯುತ್ತವೆ. 12 ವೋಲ್ಟನ್ನು 6ಕ್ಕಿಳಿಸುವ ಸರ್ಕ್ಯೂಟಿನಿಂದ 5 ವೋಲ್ಟನ್ನು ಬಯಸಿದರೆ ಅದರ ದಕ್ಷತೆ ಆರರಲ್ಲಿ ಐದು ಪಾಲನ್ನು, ಅಂದರೆ ಶೇ 83ನ್ನು ದಾಟಲಾರದು.

ಪರೀಕ್ಷಕರ ಮುಂದಿರುವ ಮೊದಲ ತೊಡಕು ಈ ಕ್ಷೇತ್ರದ ವಯಸ್ಸು. ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ಹೈನ್ರಿಖ್ ಗ್ರೈನಾಖರ್ 1914ರಲ್ಲೇ ಕೆಪಾಸಿಟರುಗಳಿಂದ ವೋಲ್ಟೇಜನ್ನು ಇಮ್ಮಡಿಗೊಳಿಸುವ ಸರ್ಕ್ಯೂಟನ್ನು ರೂಪಿಸಿದ್ದನು. ಅದನ್ನೇ ಮೆಟ್ಟಿಲುಮೆಟ್ಟಿಲಾಗಿ ಪೇರಿಸಿ ಲಕ್ಷಗಟ್ಟಲೆ ವೋಲ್ಟುಗಳನ್ನು ಪಡೆದ ಜಾನ್ ಕಾಕ್ರಾಫ್ಟ್ ಮತ್ತು ಅರ್ನೆಸ್ಟ್ ವಾಲ್ಟನ್ 1932ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಲಿಥಿಯಂ ಪರಮಾಣುವಿನ ಬೀಜವನ್ನು ಒಡೆದರು, 1951ರಲ್ಲಿ ನೊಬೆಲ್ ಪಡೆದರು. ಅವರ ಯಂತ್ರ ಒಂದು ದೊಡ್ಡ ಕೋಣೆಯನ್ನೇ ತುಂಬಿತ್ತು. 1976ರಲ್ಲಿ ಜಾನ್ ಡಿಕ್ಸನ್ ಆ ಮೆಟ್ಟಿಲುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿ ಸಿಲಿಕಾನ್ ಚಿಪ್ಪಿನೊಳಗೇ ಕೂರುವಂತೆ ಮಾಡಿದ ವಿಧಾನವನ್ನು ಪ್ರಕಟಿಸಿದನು. ಮೆಮೊರಿ ಚಿಪ್ಪುಗಳಲ್ಲಿ ಬರೆಯುವುದಕ್ಕೂ ಅಳಿಸುವುದಕ್ಕೂ ಬೇಕಾದ ಹೆಚ್ಚಿನ ವೋಲ್ಟೇಜು ಚಿಪ್ಪಿನೊಳಗೇ ಹುಟ್ಟುವುದು ಇಂಥ ಚಾರ್ಜ್ ಪಂಪುಗಳಿಂದ. ಹಳೆಯ ಕಂಪ್ಯೂಟರುಗಳ ಸೀರಿಯಲ್ ಪೋರ್ಟನ್ನು ಕಂಡವರು ಅದರ ಹಿಂದೆ ಮ್ಯಾಕ್ಸಿಮ್ ಕಂಪನಿಯ ಮ್ಯಾಕ್ಸ್ 232 ಎಂಬ ಚಿಪ್ಪಿರುತ್ತಿದ್ದುದನ್ನೂ ಬಲ್ಲರು. 5 ವೋಲ್ಟಿನ ಒಂದೇ ಮೂಲದಿಂದ ಅದು ಧನ ಮತ್ತು ಋಣ 10 ವೋಲ್ಟುಗಳನ್ನು ತಯಾರಿಸುತ್ತಿದ್ದುದು ಸುತ್ತಲಿನ ನಾಲ್ಕು ಪುಟ್ಟ ಕೆಪಾಸಿಟರುಗಳ ಬಲದಿಂದ. ಅರ್ಜಿಯ ದಿನಾಂಕಕ್ಕೆ ಮುಂಚೆಯೇ ಲೋಕಕ್ಕೆ ಲಭ್ಯವಿದ್ದ ಇಂಥ ಎಲ್ಲ ತಿಳಿವಳಿಕೆಯನ್ನು ಪೇಟೆಂಟ್ ಕಾನೂನು ಪೂರ್ವಜ್ಞಾನವೆಂದು ಕರೆಯುತ್ತದೆ. ನೂರು ವರ್ಷಗಳಿಂದ ಸ್ವಿಚ್ಚು ಮತ್ತು ಕೆಪಾಸಿಟರು ಎಂಬ ಎರಡೇ ಎರಡು ಅಕ್ಷರಗಳಲ್ಲಿ ಬರೆಯುತ್ತ ಬಂದ ಸಾಹಿತ್ಯವಿದು. ಇದರಲ್ಲಿ ಹೊಸ ಪದವೊಂದನ್ನು ಕಟ್ಟಿದೆನೆನ್ನುವವನ ಮಾತನ್ನು ನಂಬುವ ಮುನ್ನ ಹಳೆಯ ಪುಟಗಳನ್ನು ಬಹಳವೇ ತಿರುವಬೇಕಾಗುತ್ತದೆ.

ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಡೇವಿಡ್ ಪೆರೋ, ರಾಬರ್ಟ್ ಪಿಲಾವಾ-ಪಾಡ್ಗುರ್ಸ್ಕಿ ಮತ್ತು ಡೇವಿಡ್ ಜೂಲಿಯಾನೋ ಅವರ ವಿನ್ಯಾಸ ಈ ಪರೀಕ್ಷೆಯನ್ನು ಅರಿಯಲು ಒಳ್ಳೆಯ ನಿದರ್ಶನ. ಅವರು ಮುಂದೆ ನಿಧಾನವಾಗಿ ಸ್ವಿಚ್ಚು ಮಾಡುವ ಕೆಪಾಸಿಟರ್ ಹಂತವನ್ನೂ ಅದರ ಹಿಂದೆ ಬಹಳ ವೇಗವಾಗಿ ಸ್ವಿಚ್ಚು ಮಾಡುವ, ಸಣ್ಣದೊಂದು ಸುರುಳಿಯುಳ್ಳ ನಿಯಂತ್ರಣ ಹಂತವನ್ನೂ ಇಟ್ಟರು. ಎರಡು ಹಂತಗಳನ್ನು ಒಂದರ ಹಿಂದೊಂದು ಇಡುವುದರಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ವಿಶೇಷವಿದ್ದದ್ದು ಅವುಗಳ ನಡುವಿನ ಜಾಗದಲ್ಲಿ. ವಾಡಿಕೆಯಂತೆ ಅಲ್ಲೊಂದು ದೊಡ್ಡ ಕೆಪಾಸಿಟರು ಕೂತು ಮಧ್ಯದ ವೋಲ್ಟೇಜನ್ನು ಅಲುಗದಂತೆ ಹಿಡಿದಿರುತ್ತದೆ. ಅದನ್ನು ಬಹು ಸಣ್ಣದಾಗಿಸಿಬಿಟ್ಟರೆ, ಹಿಂದಿನ ಹಂತ ಸೆಳೆಯುವ ಕರೆಂಟೇ ಮುಂದಿನ ಹಂತದ ಕೆಪಾಸಿಟರುಗಳು ಎಷ್ಟು ವೇಗದಲ್ಲಿ ತುಂಬಬೇಕೆಂಬುದನ್ನು ನಿರ್ಧರಿಸುತ್ತದೆ. ಎರಡು ಮಟ್ಟಗಳ ನಡುವಿನ ಅಂತರ ಸ್ವಿಚ್ಚಿನಲ್ಲಿ ಶಾಖವಾಗಿ ಸಿಡಿಯುವ ಬದಲು ಹಿಂದಿನ ಹಂತದ ಬಾಯಿಗೆ ಬಿದ್ದು ಉಪಯೋಗಕ್ಕೆ ಬರುತ್ತದೆ. ಇದಕ್ಕೆ ಸಾಫ್ಟ್ ಚಾರ್ಜಿಂಗ್, ಅಂದರೆ ಮೃದುವಾಗಿ ತುಂಬುವುದು, ಎಂಬ ಹೆಸರು ಬಂದಿತು. ಬಿಂದಿಗೆಯನ್ನು ಧಬಕ್ಕನೆ ಕವುಚಿಹಾಕುವ ಬದಲು ಬಗ್ಗಿಸಿ ಸಣ್ಣ ಧಾರೆಯಾಗಿ ಹೊಯ್ದಂತೆ.

ಈ ವಿನ್ಯಾಸದ ದಿನಾಂಕಗಳನ್ನು ನೋಡಿದರೆ ಪೇಟೆಂಟ್ ವ್ಯವಹಾರದಲ್ಲಿ ಪಂಚಾಂಗಕ್ಕಿರುವ ಬೆಲೆ ತಿಳಿಯುತ್ತದೆ. ಮೊದಲ ತಾತ್ಕಾಲಿಕ ಅರ್ಜಿ ಸಲ್ಲಿಕೆಯಾದದ್ದು 2008ರ ಮೇ 8ರಂದು. ಸಂಶೋಧಕರು ಇದೇ ವಿಷಯದ ಪ್ರಬಂಧವನ್ನು ಗ್ರೀಸ್ ದೇಶದ ರೋಡ್ಸ್ ದ್ವೀಪದ ಸಮ್ಮೇಳನದಲ್ಲಿ ಮಂಡಿಸಿದ್ದು ಅದರ ಮುಂದಿನ ತಿಂಗಳು. ಪ್ರಬಂಧವೇ ಮೊದಲಾಗಿ ಅರ್ಜಿ ಹಿಂದುಳಿದಿದ್ದರೆ, ಅಮೆರಿಕದಲ್ಲಿ ಒಂದು ವರ್ಷದ ರಿಯಾಯಿತಿ ಇದ್ದರೂ, ಯುರೋಪಿನಂಥ ಕಡೆ ಅವರದೇ ಪ್ರಬಂಧ ಅವರ ವಿರುದ್ಧದ ಪೂರ್ವಜ್ಞಾನವಾಗುತ್ತಿತ್ತು. ಪೂರ್ಣ ಅರ್ಜಿ ಸರಿಯಾಗಿ ಒಂದು ವರ್ಷಕ್ಕೆ, 2009ರ ಮೇ 8ರಂದು ಬಂದಿತು. ಮೊದಲ ದಿನಾಂಕದಿಂದ ಹದಿನೆಂಟು ತಿಂಗಳು ಕಳೆದೊಡನೆ ಅರ್ಜಿಗಳನ್ನು ಸಾರ್ವಜನಿಕರಿಗೆ ತೆರೆದಿಡಬೇಕೆಂಬ ನಿಯಮದಂತೆ ಆ ವರ್ಷದ ನವೆಂಬರ್ 12ರಂದು ಅದು ಪ್ರಕಟವಾಯಿತು. 2012ರ ಜುಲೈ 3ರಂದು 82,12,541ನೆಯ ಸಂಖ್ಯೆಯ ಅಮೆರಿಕನ್ ಪೇಟೆಂಟಾಗಿ ಮಂಜೂರಾಯಿತು. ಅರ್ಜಿಯಿಂದ ಮಂಜೂರಾತಿಯವರೆಗಿನ ಈ ಮೂರು ವರ್ಷಗಳಲ್ಲಿ ನಡೆಯುವುದೇ ಪರೀಕ್ಷೆ.

ಪೇಟೆಂಟ್ ಅರ್ಜಿಯಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಚಿತ್ರಗಳೊಡನೆ ಹತ್ತಾರು ಪುಟಗಳಲ್ಲಿ ಹರಡಿಕೊಂಡ ವಿವರಣೆ, ಅದನ್ನು ಓದಿದ ನುರಿತ ಕುಶಲಿಗ ತಾನೂ ಆ ಸಾಧನವನ್ನು ಮಾಡಬಲ್ಲವನಾಗಬೇಕು. ಎರಡನೆಯದು ಕೊನೆಯಲ್ಲಿ ಬರುವ ಕ್ಲೇಮುಗಳು, ಎಂದರೆ ಅರ್ಜಿದಾರರು ತಮ್ಮದೆಂದು ಸಾಧಿಸುವ ಹಕ್ಕಿನ ಎಲ್ಲೆಯನ್ನು ಒಂದೊಂದು ವಾಕ್ಯದಲ್ಲಿ ಹೇಳುವ ನಮೂದುಗಳು. ಜಮೀನಿನ ಕ್ರಯಪತ್ರವನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಹೊಲದ ಮಣ್ಣು, ಬಾವಿ, ಮರಗಳ ವರ್ಣನೆ ಎಷ್ಟೇ ಇದ್ದರೂ ಕಡೆಗೆ ವ್ಯಾಜ್ಯ ಬಂದಾಗ ನೋಡುವುದು ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಏನು ಎಂಬ ಚೆಕ್ಕುಬಂದಿಯನ್ನು. ಪೇಟೆಂಟಿನ ಚೆಕ್ಕುಬಂದಿಯೇ ಕ್ಲೇಮು. ಅದನ್ನು ದಾಟಿ ಒಳಬಂದವರು ಒತ್ತುವರಿದಾರರು. ಅದು ಈಗಾಗಲೇ ಊರಿನ ಗೋಮಾಳದ ಮೇಲೆ ಹಾಯುತ್ತಿದ್ದರೆ ಪತ್ರವೇ ನೋಂದಣಿಯಾಗಬಾರದು. ಗೋಮಾಳವೆಂದರೆ ಇಲ್ಲಿ ಪೂರ್ವಜ್ಞಾನ, ಮತ್ತು ಪರೀಕ್ಷಕರ ಕೆಲಸ ಮುಖ್ಯವಾಗಿ ಗಡಿಕಲ್ಲುಗಳನ್ನು ನೋಡುವ ಸರ್ವೆ ಕೆಲಸ. ಸರ್ಕ್ಯೂಟು ಉತ್ತಮವೇ, ಮಾರುಕಟ್ಟೆಯಲ್ಲಿ ಗೆಲ್ಲುತ್ತದೆಯೇ ಎಂಬುದನ್ನು ಅವರು ಕೇಳುವುದಿಲ್ಲ; ಪ್ರಯೋಗಾಲಯದಲ್ಲಿ ಅದನ್ನು ಕಟ್ಟಿ ನೋಡುವ ರೂಢಿಯೂ ಇಲ್ಲ.

ಇಂಥ ಕ್ಲೇಮು ಹೇಗಿರುತ್ತದೆಂಬುದನ್ನು ತೋರಿಸಲು ಮೃದುವಾಗಿ ತುಂಬುವ ವಿಧಾನವನ್ನು ಆಧರಿಸಿ ಒಂದು ಮಾದರಿಯನ್ನು ರಚಿಸಬಹುದು. ಇದು ಯಾವ ಪೇಟೆಂಟಿನ ಪಠ್ಯವೂ ಅಲ್ಲ, ವಿವರಣೆಗಾಗಿ ಕಟ್ಟಿದ್ದು: ಒಂದು ವಿದ್ಯುತ್ ಪರಿವರ್ತಕ, ಅದರಲ್ಲಿ ಅಡಕವಾಗಿರುವುವು: ಒಂದು ಕೆಪಾಸಿಟರನ್ನೂ, ಸದರಿ ಕೆಪಾಸಿಟರನ್ನು ಎರಡು ಜೋಡಣೆಗಳ ನಡುವೆ ಮೊದಲನೆಯ ಆವರ್ತನದಲ್ಲಿ ಬದಲಾಯಿಸುವ ಸ್ವಿಚ್ಚುಗಳನ್ನೂ ಹೊಂದಿದ ಪರಿವರ್ತನಾ ಹಂತ; ಹಾಗೂ ಸದರಿ ಹಂತದ ಹೊರಮುಖಕ್ಕೆ ಕೂಡಿಕೊಂಡು, ಮೊದಲನೆಯದಕ್ಕಿಂತ ಹೆಚ್ಚಿನ ಎರಡನೆಯ ಆವರ್ತನದಲ್ಲಿ ನಡೆಯುವ, ಸುರುಳಿಯನ್ನೊಳಗೊಂಡ ನಿಯಂತ್ರಣ ಹಂತ; ಇದರಲ್ಲಿ ಸದರಿ ಕೆಪಾಸಿಟರನ್ನು ತುಂಬುವ ಕರೆಂಟನ್ನು ಸದರಿ ನಿಯಂತ್ರಣ ಹಂತವೇ ನಿಗದಿಪಡಿಸುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರಗಳಲ್ಲಿ ಬರುವ 'ಸದರಿ' ಎಂಬ ಪದಕ್ಕೆ ಸಮನಾದ ಶಬ್ದವೊಂದು ಇಂಗ್ಲಿಷಿನ ಕ್ಲೇಮುಗಳಲ್ಲೂ ಹೆಜ್ಜೆಹೆಜ್ಜೆಗೆ ಬರುತ್ತದೆ. ಗಡಿ ಗುರುತಿಸುವವರ ಭಾಷೆ ಎಲ್ಲ ದೇಶಗಳಲ್ಲೂ ಒಂದೇ ಬಗೆಯದಿರಬೇಕು. 'ಅಡಕವಾಗಿರುವುವು' ಎಂಬುದೂ ಆಲೋಚಿಸಿ ಇಟ್ಟ ಪದ: ಇವಿಷ್ಟು ಇರಲೇಬೇಕು, ಇವಲ್ಲದೆ ಬೇರೇನಿದ್ದರೂ ಅಡ್ಡಿಯಿಲ್ಲ ಎಂಬುದು ಅದರ ಅರ್ಥ. ಅದರ ಜಾಗದಲ್ಲಿ 'ಇವಿಷ್ಟೇ' ಎಂದು ಬರೆದಿದ್ದರೆ, ಪ್ರತಿಸ್ಪರ್ಧಿ ಇನ್ನೊಂದು ಬಿಡಿಭಾಗವನ್ನು ಸೇರಿಸಿ ಸಲೀಸಾಗಿ ಗಡಿಯಿಂದ ಹೊರಗುಳಿಯುತ್ತಿದ್ದ.

ಪರೀಕ್ಷಕರು ಈ ವಾಕ್ಯವನ್ನು ಬಿಡಿಬಿಡಿಯಾಗಿ ಕತ್ತರಿಸಿ, ಪ್ರತಿ ತುಂಡಿನ ಎದುರಿಗೂ ಪೂರ್ವಜ್ಞಾನದಲ್ಲಿ ಅದು ಎಲ್ಲಿದೆಯೆಂದು ಬರೆದುಕೊಳ್ಳುತ್ತಾರೆ. ಶಬ್ದಗಳನ್ನು ಅವುಗಳಿಗೆ ಸಲ್ಲುವ ಅತ್ಯಂತ ವಿಶಾಲವಾದ ಸಮಂಜಸ ಅರ್ಥದಲ್ಲೇ ಓದಬೇಕೆಂಬುದು ಅಮೆರಿಕದ ಕಚೇರಿಯ ನಿಯಮ. ಅರ್ಜಿದಾರರ ಮನಸ್ಸಿನಲ್ಲಿದ್ದದ್ದು ಎಷ್ಟೇ ಕಿರಿದಾಗಿದ್ದರೂ ಪದ ಎಷ್ಟು ಅಗಲವೋ ಅಷ್ಟೂ ಅಗಲಕ್ಕೆ ಅವರು ಹೊಣೆ. ಹುಡುಕಾಟಕ್ಕೆ ದಾರಿ ತೋರುವುದು ವರ್ಗೀಕರಣ: ಜಗತ್ತಿನ ಪೇಟೆಂಟ್ ದಾಖಲೆಗಳನ್ನು ವಿಷಯವಾರು ವಿಂಗಡಿಸಿರುವ ಇಂದಿನ ವ್ಯವಸ್ಥೆಯಲ್ಲಿ ಎಚ್02ಎಮ್ 3/07 ಎಂಬ ಖಾನೆ ಪೂರ್ತಿಯಾಗಿ ಇಂಥ ಕೆಪಾಸಿಟರ್ ಪರಿವರ್ತಕಗಳಿಗೇ ಮೀಸಲು, ಸುರುಳಿಯುಳ್ಳವುಗಳ ಖಾನೆ ಪಕ್ಕದಲ್ಲೇ ಇದೆ. ಒಂದು ಅರ್ಜಿಗೆ ಪರೀಕ್ಷಕರಿಗೆ ದೊರೆಯುವ ಒಟ್ಟು ಸಮಯ ಸರಾಸರಿ ಇಪ್ಪತ್ತು ಗಂಟೆಗಳ ಆಸುಪಾಸಿನದು. ಅಷ್ಟರಲ್ಲೇ ಓದು, ಹುಡುಕಾಟ, ಬರವಣಿಗೆ ಎಲ್ಲವೂ ಮುಗಿಯಬೇಕು.

ವಾಕ್ಯದ ಎಲ್ಲ ತುಂಡುಗಳೂ ಹಳೆಯ ಒಂದೇ ದಾಖಲೆಯಲ್ಲಿ ಸಿಕ್ಕರೆ ನವೀನತೆ ಬಿದ್ದುಹೋಯಿತು. ಮೇಲಿನ ಮಾದರಿಯಲ್ಲಿ ಕೆಪಾಸಿಟರು, ಸ್ವಿಚ್ಚು, ಆವರ್ತನ ಇವೆಲ್ಲ ಡಿಕ್ಸನ್ನನ ಕಾಲದಿಂದಲೂ ಇರುವಂಥವು. ಸುರುಳಿಯ ನಿಯಂತ್ರಣ ಹಂತವಂತೂ ಇನ್ನೂ ಹಳೆಯದು. ಉಳಿಯುವುದು ಕೊನೆಯ ತುಂಡು. ಅದು ಬಿಡಿಭಾಗದ ಹೆಸರಲ್ಲ, ವರ್ತನೆಯ ವರ್ಣನೆ, ಮತ್ತು ಕಷ್ಟವಿರುವುದೇ ಅಲ್ಲಿ. ಕಾಗದದ ಮೇಲೆ ಒಂದೇ ಆಗಿ ಕಾಣುವ ಎರಡು ಸರ್ಕ್ಯೂಟುಗಳು ಮಧ್ಯದ ಕೆಪಾಸಿಟರು 10 ಮೈಕ್ರೋಫ್ಯಾರಡ್ ಇದ್ದಾಗ ಒಂದು ರೀತಿ, ಅದರ ನೂರರಲ್ಲೊಂದು ಪಾಲು ಇದ್ದಾಗ ಇನ್ನೊಂದು ರೀತಿ ನಡೆದುಕೊಳ್ಳುತ್ತವೆ. ಹಾಗಿರುವಾಗ ಹತ್ತು ವರ್ಷ ಹಿಂದಿನ ಯಾವುದೋ ದಾಖಲೆಯಲ್ಲಿ ಚಾರ್ಜ್ ಪಂಪು, ಅದರ ಹಿಂದೆ ನಿಯಂತ್ರಕ, ನಡುವೆ ಬೆಲೆಯನ್ನು ಬರೆಯದ ಒಂದು ಕೆಪಾಸಿಟರು ಇದ್ದರೆ, ಮೃದುವಾಗಿ ತುಂಬುವ ವರ್ತನೆ ಅದರಲ್ಲೂ ತಾನಾಗಿ ಇತ್ತೆನ್ನಬಹುದೇ? ಹಳೆಯ ಸಾಧನದ ಗುಣವೊಂದನ್ನು ಹೊಸದಾಗಿ ಕಂಡುಕೊಂಡ ಮಾತ್ರಕ್ಕೆ ಸಾಧನ ಹೊಸದಾಗದು ಎಂಬುದು ಒಪ್ಪಿತವಾದ ತತ್ತ್ವ. ಆದರೆ ಆ ಗುಣ ಹಳೆಯದರಲ್ಲಿ ಇದ್ದಿರಬಹುದು ಎಂದರೆ ಸಾಲದು, ಇದ್ದೇ ತೀರಬೇಕು ಎಂಬುದೂ ಅಷ್ಟೇ ಗಟ್ಟಿಯಾದ ನಿಯಮ. ಆದ್ದರಿಂದ ಒಳ್ಳೆಯ ಪರೀಕ್ಷಕರು ಇಲ್ಲಿ ಪೆನ್ಸಿಲು ಹಿಡಿದು ಲೆಕ್ಕಕ್ಕೆ ಕೂರುತ್ತಾರೆ. ಅವಸರದವರು ಚಿತ್ರಗಳನ್ನು ಹೋಲಿಸಿ ಮುಗಿಸುತ್ತಾರೆ.

ನವೀನತೆಯನ್ನು ದಾಟಿದರೂ ಇನ್ನೊಂದು ಮೆಟ್ಟಿಲಿದೆ. ಒಂದು ದಾಖಲೆಯಲ್ಲಿ ಅರ್ಧ, ಇನ್ನೊಂದರಲ್ಲಿ ಅರ್ಧ ಸಿಕ್ಕಿ, ಅವೆರಡನ್ನು ಕೂಡಿಸುವುದು ಆ ಕ್ಷೇತ್ರದ ಸಾಮಾನ್ಯ ಕುಶಲಿಗನಿಗೆ ಸಹಜವಾಗಿ ಹೊಳೆಯುವಂತಿದ್ದರೆ ಪೇಟೆಂಟು ಸಲ್ಲದು. ಈ ಅಳತೆಯನ್ನು ಅಮೆರಿಕದ ಸುಪ್ರೀಂ ಕೋರ್ಟು 1966ರಲ್ಲಿ ಒಂದು ನೇಗಿಲಿನ ಮೊಕದ್ದಮೆಯಲ್ಲಿ ನಿಗದಿಪಡಿಸಿತು. 2007ರಲ್ಲಿ ಕಾರಿನ ಪೆಡಲಿಗೆ ವಿದ್ಯುನ್ಮಾನ ಸಂವೇದಕವನ್ನು ಜೋಡಿಸಿದ ಇನ್ನೊಂದು ಮೊಕದ್ದಮೆಯಲ್ಲಿ, ಆ ಕುಶಲಿಗನೂ ಸ್ವಲ್ಪ ತಲೆ ಓಡಿಸಬಲ್ಲ ಮನುಷ್ಯನೇ ಎಂದೂ, ಪರಿಚಿತ ಭಾಗಗಳನ್ನು ಪರಿಚಿತ ರೀತಿಯಲ್ಲಿ ಕೂಡಿಸಿ ನಿರೀಕ್ಷಿತ ಫಲವನ್ನೇ ಪಡೆದರೆ ಅದು ಆವಿಷ್ಕಾರವಾಗುವುದು ಕಷ್ಟವೆಂದೂ ಹೇಳಿ ಅಳತೆಯನ್ನು ಬಿಗಿಗೊಳಿಸಿತು. ಕೆಪಾಸಿಟರ್ ಪರಿವರ್ತಕದ ಅರ್ಜಿದಾರರಿಗೆ ಇದಕ್ಕಿರುವ ಬಲವಾದ ಉತ್ತರವೆಂದರೆ ವಾಡಿಕೆಯ ವಿರುದ್ಧ ನಡೆದದ್ದು. ಹಂತಗಳ ನಡುವೆ ದೊಡ್ಡ ಕೆಪಾಸಿಟರನ್ನಿಡಬೇಕೆಂದು ಪಠ್ಯಗಳೂ ಡೇಟಾಶೀಟುಗಳೂ ಒಕ್ಕೊರಲಿನಿಂದ ಹೇಳುತ್ತಿದ್ದಾಗ ಅದನ್ನು ತೆಗೆದವನು ಕೂಡಿಸುವ ಕೆಲಸವನ್ನಷ್ಟೇ ಮಾಡಿಲ್ಲ. ಅವನ ಫಲವೂ ನಿರೀಕ್ಷಿತವಲ್ಲ, ಏಕೆಂದರೆ ವಾಡಿಕೆಯ ಲೆಕ್ಕದಂತೆ ಅಲ್ಲಿ ವೋಲ್ಟೇಜು ಕುಣಿದಾಡಿ ಕೆಲಸ ಕೆಡಬೇಕಿತ್ತು. ಪರೀಕ್ಷಕರ ಎದುರು ಎಂಜಿನಿಯರಿಂಗಿನ ನಿಜವಾದ ವಾದ ನಡೆಯುವುದು ಈ ಮೆಟ್ಟಿಲ ಮೇಲೆ. ಇದರಲ್ಲಿ ಹಿಂದಿನಿಂದ ನೋಡಿದಾಗ ಎಲ್ಲವೂ ಸುಲಭವೆನಿಸುವ ದೋಷಕ್ಕೆ ಪರೀಕ್ಷಕರು ಬೀಳುವುದುಂಟು, ಸುಲಭವಾದದ್ದನ್ನು ಹೆಣಗಿ ಕಂಡದ್ದೆಂದು ಬಣ್ಣಿಸುವ ಚಾಳಿ ಅರ್ಜಿದಾರರ ವಕೀಲರಿಗಿದೆ.

ತಿರಸ್ಕಾರ ಬಂದ ಮಾತ್ರಕ್ಕೆ ಎಲ್ಲವೂ ಮುಗಿದಂತಲ್ಲ. ಮೊದಲ ಪತ್ರದಲ್ಲೇ ಮಂಜೂರಾಗುವ ಅರ್ಜಿಗಳು ಕಡಿಮೆ. ಅಮೆರಿಕದಲ್ಲಿ ಮೂರು ತಿಂಗಳೊಳಗೆ, ಶುಲ್ಕ ತೆತ್ತರೆ ಆರು ತಿಂಗಳೊಳಗೆ, ಅರ್ಜಿದಾರರು ವಾದಿಸಬಹುದು ಇಲ್ಲವೇ ವಾಕ್ಯವನ್ನು ತಿದ್ದಬಹುದು. ತಿದ್ದುವುದೆಂದರೆ ಸಾಮಾನ್ಯವಾಗಿ ಗಡಿಯನ್ನು ಒಳಕ್ಕೆ ಸರಿಸುವುದು. ಮೇಲಿನ ಮಾದರಿಗೆ 'ಎರಡು ಹಂತಗಳ ನಡುವೆ ಸಣ್ಣ ಕೆಪಾಸಿಟರು ಮಾತ್ರವಿದ್ದು' ಎಂದು ಸೇರಿಸಿದರೆ ಹಳೆಯ ದಾಖಲೆಯಿಂದ ದೂರವಾದಂತಾಯಿತು. ಆದರೆ ಸಣ್ಣದೆಂದರೆ ಎಷ್ಟು ಸಣ್ಣದು ಎಂದು ಪರೀಕ್ಷಕರು ಕೇಳುತ್ತಾರೆ, ಏಕೆಂದರೆ ಗಡಿ ಎಲ್ಲಿದೆಯೆಂದು ನೆರೆಯವನಿಗೆ ತಿಳಿಯದ ಚೆಕ್ಕುಬಂದಿ ಅಸ್ಪಷ್ಟತೆಯ ಕಾರಣಕ್ಕೇ ಸಲ್ಲದು. 'ಕೆಪಾಸಿಟರು ಇಲ್ಲದೆ' ಎಂದರೆ ಸ್ಪಷ್ಟತೆಯೇನೋ ಬಂದಿತು, ಆದರೆ ಅಂಥ ಸರ್ಕ್ಯೂಟು ಮೂಲ ವಿವರಣೆಯಲ್ಲಿ ಇತ್ತೇ ಎಂಬ ಪ್ರಶ್ನೆ ಏಳುತ್ತದೆ; ಅರ್ಜಿಯ ದಿನ ಬರೆಯದ್ದನ್ನು ಆಮೇಲೆ ಸೇರಿಸುವಂತಿಲ್ಲ. ಅದೂ ಅಲ್ಲದೆ ಎರಡು ತಂತಿಗಳು ಅಕ್ಕಪಕ್ಕದಲ್ಲಿದ್ದರೆ ಸಾಕು, ಅವುಗಳ ನಡುವೆ ಬೇಡವೆಂದರೂ ಒಂದಿಷ್ಟು ಕೆಪಾಸಿಟೆನ್ಸ್ ಇರುತ್ತದೆ. ವಿವರಣೆಯನ್ನು ಬರೆಯುವಾಗಲೇ ಸಣ್ಣದೆಂಬುದಕ್ಕೆ ಅಳತೆಗೋಲನ್ನು ಕೊಟ್ಟಿದ್ದವರು, ಉದಾಹರಣೆಗೆ ಒಂದು ಆವರ್ತದೊಳಗೆ ಆ ಬಿಂದುವಿನ ವೋಲ್ಟೇಜು ಇಷ್ಟು ಪಾಲು ಏರಿಳಿಯುವಂತೆ ಎಂದು ಬರೆದಿದ್ದವರು, ಈ ಇಕ್ಕಟ್ಟಿನಿಂದ ಪಾರಾಗುತ್ತಾರೆ.

ಪೂರ್ವಜ್ಞಾನವೆಂದರೆ ಪೇಟೆಂಟುಗಳಷ್ಟೇ ಅಲ್ಲ. ವಿದ್ಯುನ್ಮಾನ ಕ್ಷೇತ್ರದ ತಿಳಿವಳಿಕೆ ಚಿಪ್ ಕಂಪನಿಗಳ ಡೇಟಾಶೀಟುಗಳಲ್ಲಿ, ಬಳಕೆಯ ಟಿಪ್ಪಣಿಗಳಲ್ಲಿ, ವಿಶ್ವವಿದ್ಯಾಲಯಗಳ ಪ್ರೌಢಪ್ರಬಂಧಗಳಲ್ಲಿ ಚೆದುರಿಕೊಂಡಿದೆ. ಪ್ರಬಂಧವೊಂದು ಎಲ್ಲೋ ಒಂದು ಕಪಾಟಿನಲ್ಲಿದ್ದರೆ ಅದು ಲೋಕಕ್ಕೆ ಲಭ್ಯವಾದಂತೆಯೇ ಎಂಬ ಪ್ರಶ್ನೆ ಅಮೆರಿಕದ ಮೇಲ್ಮನವಿ ನ್ಯಾಯಾಲಯದ ಮುಂದೆ ಎರಡು ಸಲ ಬಂದು ಎರಡು ಬೇರೆ ಉತ್ತರಗಳನ್ನು ಪಡೆಯಿತು. 1986ರಲ್ಲಿ, ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸೂಚಿಯೊಡನೆ ಇರಿಸಲಾಗಿದ್ದ ಒಂದೇ ಒಂದು ಡಾಕ್ಟರೇಟ್ ಪ್ರಬಂಧವೂ ಪ್ರಕಟಣೆಯೇ ಎಂದಿತು. 1989ರಲ್ಲಿ, ಅಮೆರಿಕದ ರೀಡ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಹೆಸರಿನ ಅಕಾರಾದಿಯಲ್ಲಿ ಮಾತ್ರ ಚೀಟಿಗಳಿದ್ದ ಪ್ರಬಂಧಗಳು ಪ್ರಕಟಣೆಯಲ್ಲ ಎಂದಿತು, ಏಕೆಂದರೆ ಬರೆದವರ ಹೆಸರು ಗೊತ್ತಿಲ್ಲದೆ ವಿಷಯವನ್ನು ಹುಡುಕಿ ಬಂದವನಿಗೆ ಅವು ಸಿಗುವಂತಿರಲಿಲ್ಲ. ರಸಾಯನಶಾಸ್ತ್ರ ವಿಭಾಗದಲ್ಲಿ ಆ ಚೀಟಿಗಳನ್ನಿಟ್ಟಿದ್ದುದು ಒಂದು ಬೂಟಿನ ರಟ್ಟಿನ ಪೆಟ್ಟಿಗೆಯಲ್ಲಿ. ಪರೀಕ್ಷಕರಿಗೆ ನಿಲುಕದ ಇಂಥ ಮೂಲೆಗಳಿಂದ ದಾಖಲೆಗಳನ್ನು ತರಲು ಹೊರಗಿನವರಿಗೂ ಅವಕಾಶವಿರಬೇಕೆಂದು, 2012ರ ಸೆಪ್ಟೆಂಬರ್ 16ರಿಂದ ಅಮೆರಿಕದ ಕಚೇರಿ ಯಾರು ಬೇಕಾದರೂ ಪರೀಕ್ಷೆಯಲ್ಲಿರುವ ಅರ್ಜಿಯ ಬಗ್ಗೆ ಹಳೆಯ ದಾಖಲೆಗಳನ್ನು, ಅವುಗಳ ಪ್ರಸ್ತುತತೆಯನ್ನು ತಿಳಿಸುವ ಚಿಕ್ಕ ಟಿಪ್ಪಣಿಯೊಡನೆ ಸಲ್ಲಿಸಬಹುದೆಂದು ನಿಯಮ ಮಾಡಿತು. ಅರ್ಜಿ ಪ್ರಕಟವಾಗಿ ಆರು ತಿಂಗಳು ಅಥವಾ ಮೊದಲ ತಿರಸ್ಕಾರ, ಎರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಬಾಗಿಲು ತೆರೆದಿರುತ್ತದೆ, ಮಂಜೂರಾತಿಯ ಸೂಚನೆ ಹೊರಟರೆ ಮುಚ್ಚುತ್ತದೆ. ಆದರೆ ದಾಖಲೆ ಕೊಟ್ಟವರಿಗೆ ಮುಂದಿನ ವಾದದಲ್ಲಿ ಪಾತ್ರವಿಲ್ಲ.

ಭಾರತದ 1970ರ ಪೇಟೆಂಟ್ ಕಾಯ್ದೆ ಈ ವಿಷಯದಲ್ಲಿ ಇನ್ನೂ ಉದಾರ. ಅದರ 25ನೆಯ ಕಲಮಿನಂತೆ ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟು ಮಂಜೂರಾಗುವ ತನಕ, ಯಾವ ವ್ಯಕ್ತಿಯಾದರೂ ಲಿಖಿತ ವಿರೋಧವನ್ನು ಸಲ್ಲಿಸಿ ವಿಚಾರಣೆಯನ್ನೂ ಕೇಳಬಹುದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಾಲಿಟ್ಟಂದಿನಿಂದ ಚಿಪ್ ವಿನ್ಯಾಸದ ಊರಾಗಿ ಬೆಳೆದ ಬೆಂಗಳೂರಿನಿಂದ ಹೊರಡುವ ಭಾರತೀಯ ಅರ್ಜಿಗಳು ಸೇರುವುದು ಚೆನ್ನೈನ ಪೇಟೆಂಟ್ ಕಚೇರಿಯನ್ನು. ಅಲ್ಲಿಂದ ಬರುವ ಮೊದಲ ಪರೀಕ್ಷಾ ವರದಿಗೆ ಉತ್ತರಿಸಲು ಆರು ತಿಂಗಳ ಗಡುವಿದೆ. ಕೆಪಾಸಿಟರ್ ಪರಿವರ್ತಕದ ಅರ್ಜಿದಾರರು ಈ ಕಾಯ್ದೆಯ 3ನೆಯ ಕಲಮಿನಲ್ಲಿ ಎಚ್ಚರದಿಂದ ನೋಡಬೇಕಾದ ಒಂದು ಸಾಲಿದೆ: ಏಕೀಕೃತ ಸರ್ಕ್ಯೂಟುಗಳ ಟೊಪೊಗ್ರಫಿ, ಎಂದರೆ ಚಿಪ್ಪಿನ ಮೇಲೆ ಭಾಗಗಳು ಹರಡಿಕೊಂಡಿರುವ ನಕ್ಷೆ, ಪೇಟೆಂಟಿಗೆ ಅರ್ಹವಲ್ಲ, ಅದಕ್ಕೆಂದೇ 2000ದಲ್ಲಿ ಬೇರೊಂದು ಕಾಯ್ದೆ ಬಂದಿದ್ದು, ಅದರಡಿ ನೋಂದಣಿಯ ಅವಧಿ ಹತ್ತು ವರ್ಷ. ಆದರೆ ಪರಿವರ್ತಕಗಳ ಎಂಜಿನಿಯರುಗಳು ದಿನವೂ ಆಡುವ ಮಾತು ಟೊಪಾಲಜಿ, ಅಂದರೆ ಯಾವುದು ಯಾವುದಕ್ಕೆ ಜೋಡಣೆಗೊಂಡಿದೆ ಎಂಬ ವ್ಯವಸ್ಥೆ, ಅದು ಬೇರೆಯೇ ಸಂಗತಿ. ಕೆಲವೇ ಅಕ್ಷರಗಳ ವ್ಯತ್ಯಾಸದಲ್ಲಿ ಒಂದು ಹಕ್ಕು ಹುಟ್ಟುತ್ತದೆ ಅಥವಾ ಇಲ್ಲವಾಗುತ್ತದೆ.

ಮಂಜೂರಾದ ಮೇಲೂ ಪರೀಕ್ಷೆಯ ಕಡತ ಮುಚ್ಚಿಹೋಗುವುದಿಲ್ಲ. ಮಸಾಚುಸೆಟ್ಸ್‌ನ ಆ ಮೂಲ ಅರ್ಜಿಯ ವಿವರಣೆಯಿಂದಲೇ ಮುಂದುವರಿಕೆಯ ಅರ್ಜಿಗಳೆಂಬ ಕ್ರಮದಲ್ಲಿ, ಅದೇ ಚಿತ್ರಗಳಿಗೆ ಹೊಸ ಹೊಸ ಕ್ಲೇಮುಗಳನ್ನು ಬರೆದು, ನಂತರದ ವರ್ಷಗಳಲ್ಲಿ ಇನ್ನೂ ಹಲವು ಪೇಟೆಂಟುಗಳು ಕವಲೊಡೆದವು. ಇಪ್ಪತ್ತು ವರ್ಷಗಳ ಅವಧಿಯನ್ನು ಅವೆಲ್ಲಕ್ಕೂ ಎಣಿಸುವುದು 2009ರ ಮೇ 8ರಿಂದಲೇ, ಕಚೇರಿಯ ವಿಳಂಬಕ್ಕೆಂದು ಸೇರಿಸುವ ದಿನಗಳಿದ್ದರೆ ಅವನ್ನು ಬಿಟ್ಟು. ಪ್ರತಿ ಅರ್ಜಿಯ ಕಡತದಲ್ಲೂ ಪರೀಕ್ಷಕರ ಆಕ್ಷೇಪಗಳೂ ಅರ್ಜಿದಾರರ ಉತ್ತರಗಳೂ ತಿದ್ದಿದ ಸಾಲುಗಳೂ ಯಾರು ಬೇಕಾದರೂ ಓದಬಹುದಾದಂತೆ ಉಳಿದಿರುತ್ತವೆ. ಹಳೆಯ ದಾಖಲೆಯಿಂದ ತಪ್ಪಿಸಿಕೊಳ್ಳಲು ಪರೀಕ್ಷಕರ ಮುಂದೆ ಬಿಟ್ಟುಕೊಟ್ಟ ನೆಲವನ್ನು ಮುಂದೆ ನ್ಯಾಯಾಲಯದಲ್ಲಿ, ಪದಕ್ಕೆ ಪದ ಹೊಂದದಿದ್ದರೂ ಕೆಲಸದಲ್ಲಿ ಒಂದೇ ಎಂಬ ಸಮಾನತೆಯ ಹೆಸರಿನಲ್ಲಿ, ಮರಳಿ ಕೇಳುವುದು ಸಾಮಾನ್ಯವಾಗಿ ಸಾಧ್ಯವಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟಿದೆ. ಮಂಜೂರಾತಿಯ ಆಸೆಯಿಂದ 'ಕೆಪಾಸಿಟರು ಇಲ್ಲದೆ' ಎಂಬ ಎರಡು ಪದಗಳನ್ನು ಸೇರಿಸಿದ ಅರ್ಜಿದಾರರ ಎದುರು, ಪ್ರತಿಸ್ಪರ್ಧಿಯೊಬ್ಬ ಆ ಜಾಗದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಕೆಪಾಸಿಟರನ್ನು ಬೆಸುಗೆ ಹಾಕಿ ಅದೇ ಸರ್ಕ್ಯೂಟನ್ನು ಮಾರತೊಡಗಿದರೆ, ಅವನ ವಕೀಲರು ಮೊದಲು ತರಿಸಿಕೊಳ್ಳುವುದು ಆ ಕಡತವನ್ನೇ.